ಅಟ್ಟದ ಮೇಲಿನ ಕ್ಯಾಸೆಟ್ ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಇಳಿಸುವುದು

ಮಂಗಳೂರು, ಉಡುಪಿ ಕಡೆಯ ಮನೆಗಳ ಹಳೇ ಕ್ಯಾಸೆಟ್ ಪೆಟ್ಟಿಗೆಯಲ್ಲಿ ಒಂದೇ ಬಗೆಯ ಸಂಗೀತ ಸಿಗುವುದು ಅಪರೂಪ. ಇಡೀ ರಾತ್ರಿಯ ಯಕ್ಷಗಾನದ ಆಟ ಆರು ಸಿ-90ಗಳಲ್ಲಿ (90 ನಿಮಿಷದ ಕ್ಯಾಸೆಟು), ಅದರ ಪಕ್ಕ ವಿಲ್ಫಿ ರೆಬಿಂಬಸ್ ಅವರ ಕೊಂಕಣಿ ಹಾಡು, ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್, ಸಿ. ಅಶ್ವತ್ಥರ ಭಾವಗೀತೆ, ರೇಡಿಯೊದಿಂದ ಹಿಡಿದ ಹಿಂದಿ ಹಾಡು, ಗಲ್ಫಿನಿಂದ ಬಂದ ಯಾವುದೋ ಇಂಗ್ಲಿಷ್ ಬ್ಯಾಂಡು. ಟೇಪನ್ನು ಉಳಿಸುವುದರ ಜೊತೆಗೆ ಈ ಬೆರಕೆಯನ್ನೂ ಉಳಿಸಬೇಕು.

ಮೊದಲು ಬೂಸರು

ಡಿಸೆಂಬರಿನಿಂದ ಫೆಬ್ರವರಿವರೆಗೆ ಹವೆ ಒಣಗಿರುವಾಗ ಕೆಲಸ ಹಿಡಿಯಿರಿ. ಮಳೆಗಾಲದಲ್ಲಿ ಪೆಟ್ಟಿಗೆ ತೆರೆಯಲೇ ಬೇಡಿ. ಕ್ಯಾಸೆಟಿನ ಕಿಟಕಿಯಲ್ಲಿ ಟಾರ್ಚ್ ಬಿಟ್ಟು ನೋಡಿ: ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಪುಡಿಯೋ ಎಳೆಯೋ ಕಂಡರೆ ಅದನ್ನು ಬೇರೆ ಇಡಿ. ಬೂಸರು ಹಿಡಿದದ್ದನ್ನು ಒಳ್ಳೆಯ ಡೆಕ್ಕಿಗೆ ಹಾಕಿದರೆ ಅದು ಟೇಪು ಓದುವ ಹೆಡ್‌ಗೆ ಅಂಟಿ, ಮುಂದಿನ ಹತ್ತು ಕ್ಯಾಸೆಟಿಗೂ ಹೋಗುತ್ತದೆ.

ಅಂಥವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಒಂದು ವಾರ ಇಡಿ. ಬಿಸಿಲಿಗೆ ಹಾಕಬೇಡಿ, ಟೇಪು ಸುರುಳಿ ಬೀಳುತ್ತದೆ. ಒಣಗಿದ ಮೇಲೆ ಅಂಗಳದಲ್ಲಿ ಕುಳಿತು, ಎನ್-95 ಮಾಸ್ಕ್ ಹಾಕಿ, ಯಾರಿಗೂ ಬೇಡದ ಹಳೇ ಪ್ಲೇಯರಿನಲ್ಲಿ ಆ ತುದಿಯಿಂದ ಈ ತುದಿಗೆ ಒಮ್ಮೆ ಸುತ್ತಿಸಿ, ಟೇಪು ಹೊರಗೆ ಕಾಣುವ ಜಾಗದಲ್ಲಿ ಎಳೆ ಬಿಡದ ಮೆತ್ತನೆಯ ಬಟ್ಟೆ ಹಗುರವಾಗಿ ತಾಗಿಸಿ. ನೀರು ಬೇಡ. ಸಿ-120 ಆದರೆ ಪೆನ್ಸಿಲಿನಲ್ಲಿ ಕೈಯಿಂದಲೇ ಸುತ್ತಿ. ಸಿ-60ರ ಟೇಪು ಸುಮಾರು 18 ಮೈಕ್ರಾನ್ ದಪ್ಪ, ಸಿ-120ರದ್ದು ಅದರ ಅರ್ಧ; ಎಳೆದರೆ ಹಿಗ್ಗಿಬಿಡುತ್ತದೆ.

ಸ್ವರ ಮಂಕಾಗಿ ಬಂದು ಬಂದು ಹೋಗುತ್ತಿದ್ದರೆ ಒಳಗಿನ ಪುಟ್ಟ ಫೆಲ್ಟ್ ಪ್ಯಾಡು ಬಿದ್ದಿರುತ್ತದೆ. ಐದು ಸ್ಕ್ರೂ ಇರುವ ಇನ್ನೊಂದು ಕ್ಯಾಸೆಟ್ ಬಿಚ್ಚಿ, ಅದರ ಚಿಪ್ಪಿಗೆ ಈ ರೀಲುಗಳನ್ನು ಕೂರಿಸಿ. ತುಂಡಾದ ಟೇಪಿಗೆ ಸೆಲ್ಲೊಟೇಪ್ ಹಚ್ಚಬೇಡಿ, ಸೆಕೆಗೆ ಅದರ ಅಂಟು ಹೊರಗೆ ಜಿನುಗಿ ಪಕ್ಕದ ಸುತ್ತಿಗೂ ಹಿಡಿಯುತ್ತದೆ. ಕ್ಯಾಸೆಟ್ ಟೇಪು ಜೋಡಿಸಲೆಂದೇ ಇರುವ ಸ್ಪ್ಲೈಸಿಂಗ್ ಟೇಪೇ ಬೇಕು.

ಯಂತ್ರ ಮತ್ತು ತಂತಿ

ಯುಎಸ್‌ಬಿ ಸಮೇತ ಬರುವ ಅಗ್ಗದ ಪ್ಲೇಯರಿಗಿಂತ, ಬೆಲ್ಟ್ ಬದಲಿಸಿದ ಹಳೇ ಡೆಕ್ ಎಷ್ಟೋ ವಾಸಿ. ಅಗ್ಗದ್ದರಲ್ಲಿ ವೇಗ ಒಂದೇ ಸಮ ನಿಲ್ಲುವುದಿಲ್ಲ, ಶ್ರುತಿ ಅಲುಗುತ್ತದೆ. ಡೆಕ್ಕಿನ ಲೈನ್ ಔಟ್‌ನಿಂದ ಯುಎಸ್‌ಬಿ ಆಡಿಯೊ ಇಂಟರ್‌ಫೇಸಿನ ಲೈನ್ ಇನ್‌ಗೆ ತಂತಿ ಹಾಕಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಸಿಕ್ಕಿಸಿದರೆ ಹೆಚ್ಚಿನವುಗಳಲ್ಲಿ ಮೊನೊ ಮಾತ್ರ ಬರುತ್ತದೆ, ಸದ್ದು ಒಡೆಯುತ್ತದೆ. ಪ್ರತಿ ಐದಾರು ಕ್ಯಾಸೆಟಿಗೊಮ್ಮೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹೆಡ್ ಒರೆಸಿ. ರಬ್ಬರ್ ರೋಲರಿಗೆ ಸ್ವಲ್ಪ ಒದ್ದೆ ಮಾಡಿದ ಬಟ್ಟೆ ಸಾಕು.

ಹೆಚ್ಚಿನವರು ಬಿಟ್ಟುಬಿಡುವುದು ಹೆಡ್ಡಿನ ವಾರೆ ಸರಿಪಡಿಸುವ ಕೆಲಸ. ಒಂದೊಂದು ಟೇಪು ಒಂದೊಂದು ಯಂತ್ರದಲ್ಲಿ ರೆಕಾರ್ಡ್ ಆದದ್ದು. ಆ ಹೆಡ್ಡಿನ ಕೋನಕ್ಕೂ ನಿಮ್ಮದಕ್ಕೂ ಹೊಂದದಿದ್ದರೆ ತೀಕ್ಷ್ಣ ಸ್ವರವೆಲ್ಲ ಸಾಯುತ್ತದೆ. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಸಣ್ಣ ಸ್ಕ್ರೂ ಇದೆ. ಎರಡೂ ಚಾನೆಲ್ ಕೂಡಿಸಿ ಮೊನೊದಲ್ಲಿ ಕೇಳುತ್ತಾ ಅದನ್ನು ಕೂದಲೆಳೆಯಷ್ಟು ತಿರುಗಿಸಿ. ತೆಂಕುತಿಟ್ಟಿನ (ಯಕ್ಷಗಾನದ ತೆಂಕಣ ಶೈಲಿಯ) ಆಟವಾದರೆ ಕಿವಿ ಚಕ್ರತಾಳವೆಂಬ ಲೋಹದ ತಾಳದ ಮೇಲಿರಲಿ: ಅದರ ಗಣಗಣ ಅತಿ ಹೆಚ್ಚು ಹೊಳೆಯುವ ಜಾಗವೇ ಸರಿಯಾದ ಜಾಗ. ಅಯಸ್ಕಾಂತದ ಸ್ಕ್ರೂಡ್ರೈವರ್ ಮಾತ್ರ ಹತ್ತಿರ ತರಬೇಡಿ.

ಚೆಂಡೆಗೆ ಲೆವೆಲ್

ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ 48 ಕಿಲೊಹರ್ಟ್ಸ್, 24 ಬಿಟ್ ಇಡಿ. ಒಂದು ನಿಮಿಷಕ್ಕೆ ಸುಮಾರು 17 ಎಂಬಿ, ಸಿ-60ಗೆ ಒಂದು ಜಿಬಿಗಿಂತ ಸ್ವಲ್ಪ ಹೆಚ್ಚು. ಲೆವೆಲ್ಲನ್ನು ಭಾಗವತರ (ಆಟದ ಹಾಡುಗಾರರ) ಪದಕ್ಕಲ್ಲ, ಚೆಂಡೆಯ ಪೆಟ್ಟಿಗೆ ಹೊಂದಿಸಿ: ಅತಿ ಜೋರಿನ ಪೆಟ್ಟು -6 ಡಿಬಿ ದಾಟಬಾರದು. ಚೆಂಡೆ ಬಾರಿಸಿದ ಮೇಲೆ ಒಂದೆರಡು ಸೆಕೆಂಡ್ ಭಾಗವತರ ದನಿ ಕುಗ್ಗಿ, ಮತ್ತೆ ನಿಧಾನಕ್ಕೆ ಮೇಲೇಳುತ್ತಿದ್ದರೆ ಹೆದರಬೇಡಿ. ಅದು ಅಂದಿನ ರೆಕಾರ್ಡರಿನ ಆಟೊಮ್ಯಾಟಿಕ್ ಲೆವೆಲ್ಲಿನ ಕೆಲಸ, ಟೇಪಿನಲ್ಲೇ ಇದೆ. ರಿಪೇರಿಗೆ ಹೋದರೆ ಇನ್ನೂ ಕೆಡುತ್ತದೆ.

ಬೆಳಗಿನ ಜಾವದ ಕ್ಯಾಸೆಟಿನಲ್ಲಿ ಎಲ್ಲರ ದನಿಯೂ ಕೀಚಲಾಗಿದ್ದರೆ ಕಾರಣ ಬ್ಯಾಟರಿ. ರಾತ್ರಿಯಿಡೀ ಓಡಿ ಸೆಲ್ಲು ಸೋತಾಗ ಟೇಪು ನಿಧಾನಕ್ಕೆ ಸರಿದು ರೆಕಾರ್ಡ್ ಆಗಿರುತ್ತದೆ, ಈಗ ಸರಿಯಾದ ವೇಗದಲ್ಲಿ ಬಿಟ್ಟರೆ ಹಾಡು ಬೇಗ ಓಡುತ್ತದೆ. ಸುಮಾರು 6 ಶೇಕಡಾ ವ್ಯತ್ಯಾಸವಾದರೆ ಶ್ರುತಿ ಅರ್ಧ ಸ್ವರ ಏರುತ್ತದೆ, ಅಂದರೆ ಹಾರ್ಮೋನಿಯಂನಲ್ಲಿ ಪಕ್ಕದ ಮನೆಗೆ (ಕೀಲಿಗೆ). ಅಳೆಯಲು ಮೈಕ್ ಸೆಟ್ಟಿನ ಗುಂಯ್ ಸದ್ದು ಹುಡುಕಿ. ಕರೆಂಟಿನದು 50 ಹರ್ಟ್ಸ್; ಆಡಾಸಿಟಿಯ ಪ್ಲಾಟ್ ಸ್ಪೆಕ್ಟ್ರಮ್‌ನಲ್ಲಿ ಸೈಜ್ 65536 ಇಟ್ಟಾಗ ಅದು 53ರಲ್ಲಿ ಕಂಡರೆ ವೇಗವನ್ನು 0.943ಕ್ಕೆ ಇಳಿಸಿ. ಸರಿಯಾಗಿ 50ರಲ್ಲೇ ಇನ್ನೊಂದು ಗೆರೆ ಎದ್ದಿದ್ದರೆ ಅದು ನಿಮ್ಮ ಮನೆಯ ವಯರಿಂಗಿನದು. ಮೇಳದ ಜನರೇಟರಿನಲ್ಲಿ ನಡೆದ ಆಟವಾದರೆ ಈ ಲೆಕ್ಕ ನಂಬುವಂತಿಲ್ಲ. ಆಗ ಅದೇ ಭಾಗವತರ ಅದೇ ರಾತ್ರಿಯ ಮೊದಲ ಕ್ಯಾಸೆಟಿನ ಶ್ರುತಿಗೆ ಹೋಲಿಸಿ. ಭಾಗವತರು ಬದಲಾಗಿದ್ದರೆ ಶ್ರುತಿಯೂ ಬದಲಾಗಿರಬಹುದು, ನೆನಪಿರಲಿ.

ಹೆಸರು, ಸಾಲು

ಒಂದು ಬದಿ ಇಡಿಯಾಗಿ ಒಂದು ಫೈಲು. ಅದನ್ನು ಕತ್ತರಿಸದೆ, ಗುಣಮಟ್ಟ ಕಳೆಯದ ಫ್ಲ್ಯಾಕ್ ಫೈಲು ಮಾಡಿ ತೆಗೆದಿಡಿ. ಹಾಡುಹಾಡಾಗಿ ಬಿಡಿಸುವುದೆಲ್ಲ ಅದರ ನಕಲಿನಲ್ಲಿ. ದಾಸರ ಪದದ ಹಿಂದೆ ಕೊಂಕಣಿ, ಅದರ ಹಿಂದೆ ಅರ್ಧಕ್ಕೆ ನಿಂತ ಹಿಂದಿ ಹಾಡು, ನಡುವೆ ಆಕಾಶವಾಣಿಯ ಒಂದು ಮಾತು: ಮನೆಯಲ್ಲಿ ತುಂಬಿಸಿದ ಕ್ಯಾಸೆಟಿನಲ್ಲಿ ಈ ಸಾಲನ್ನು ಕಟ್ಟಿದ್ದು ಕೇಳುಗನೇ. ‘ಭಕ್ತಿ’, ‘ಚಿತ್ರಗೀತೆ’ ಎಂದು ಫೋಲ್ಡರ್ ಮಾಡಿ ಹಂಚಿದ ದಿನ ಅದು ಹೋಯಿತು. ಪ್ರಕಾರವನ್ನು ಟ್ಯಾಗಿನಲ್ಲಿ ಬರೆಯಿರಿ, ಫೋಲ್ಡರಿಗೆ ಕ್ಯಾಸೆಟಿನ ನಂಬರ್ ಮತ್ತು ಬದಿ ಸಾಕು.

ಯಕ್ಷಗಾನಕ್ಕೆ ಆರ್ಟಿಸ್ಟ್ ಜಾಗದಲ್ಲಿ ಭಾಗವತರು, ಆಲ್ಬಮ್ ಜಾಗದಲ್ಲಿ ಪ್ರಸಂಗ (ಆಡಿದ ಕಥೆ), ಕಂಪೋಸರ್ ಜಾಗದಲ್ಲಿ ಪ್ರಸಂಗಕರ್ತ, ಚೆಂಡೆ ಮದ್ದಳೆಯವರು ಕಮೆಂಟಿನಲ್ಲಿ. ಚೀಟಿಯಲ್ಲಿ ಇಸವಿ ಇಲ್ಲದಿದ್ದರೆ ಖಾಲಿ ಬಿಡಿ. ಚೀಟಿಯ ಎರಡೂ ಬದಿಯ ಫೋಟೊ ಜೊತೆಗಿಡಿ. ಟ್ಯಾಗು ಕನ್ನಡದಲ್ಲಿ, ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ: ಹಳೇ ಕಾರ್ ಪ್ಲೇಯರುಗಳು ಕನ್ನಡಕ್ಕೆ ಬರೀ ಚೌಕ ತೋರಿಸುತ್ತವೆ. ಭಾವಗೀತೆಯ ಬೆನ್ನಿಗೆ ಚೆಂಡೆ ಬಂದು ಕಿವಿ ಹಾರದಂತೆ, ಕೇಳುವಾಗ ಮಾತ್ರ ಸದ್ದನ್ನು ಸಮ ಮಾಡುವ ರೀಪ್ಲೇಗೇನ್ ಟ್ಯಾಗು ಹಾಕಿ. ನಾರ್ಮಲೈಸ್ ಮಾಡಿ ಫೈಲನ್ನೇ ತಿದ್ದಬೇಡಿ.

ಹಾರ್ಡ್‌ಡಿಸ್ಕ್ ಎರಡು ಬೇಕು, ಒಂದು ಬೇರೆ ಮನೆಯಲ್ಲಿ. ಮನೆಯಲ್ಲಿರುವುದನ್ನು ಕೆಲಸ ಮುಗಿದ ಕೂಡಲೇ ಕಿತ್ತಿಡಿ, ಮಳೆ ಹಿಡಿಯುವ ಮೊದಲಿನ ಸಿಡಿಲು ಪ್ಲಗ್ಗಿನ ಮೂಲಕವೇ ಒಳಗೆ ಬರುತ್ತದೆ. ಕ್ಯಾಸೆಟುಗಳನ್ನು ಎಸೆಯಬೇಡಿ. ಒಂದು ತುದಿಗೆ ಸುತ್ತಿ, ನಿಲ್ಲಿಸಿ, ಮುಚ್ಚಳ ಬಿಗಿಯುವ ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಜೊತೆ ಇಡಿ, ಸ್ಪೀಕರಿನಿಂದ ದೂರ. ಜೆಲ್ ಗುಲಾಬಿಯಾದರೆ ಓವನ್ನಿನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ನೀಲಿಗೆ ತಿರುಗುತ್ತದೆ, ಪೂರ್ತಿ ತಣಿದ ಮೇಲೆಯೇ ಡಬ್ಬಿಗೆ ಹಾಕಿ.