ನಿಷ್ಕ್ರಿಯ ಪ್ಲಗಿನ್‌ಗಳನ್ನೂ ನಾನೇಕೆ ಅಳಿಸುತ್ತೇನೆ?

ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ನಡೆಯುವ ಜಾಲತಾಣಗಳ ನಿರ್ವಹಣೆ ನನ್ನ ಕೆಲಸ. ಅದಕ್ಕೆ ಹೆಚ್ಚುವರಿ ಸೌಲಭ್ಯ ಸೇರಿಸುವ ಕಿರು ತಂತ್ರಾಂಶಗಳೇ ಪ್ಲಗಿನ್‌ಗಳು. ಹೊಸ ತಾಣವೊಂದು ಕೈಗೆ ಬಂದಾಗ ನಾನು ಮೊದಲು ಮಾಡುವುದು ಭದ್ರತಾ ಪ್ಲಗಿನ್ ಹಾಕುವುದಲ್ಲ, ಬೇಡದ ಪ್ಲಗಿನ್‌ಗಳನ್ನು ತೆಗೆಯುವುದು. ಹಿಂದಿನವರು ಪ್ರಯೋಗಕ್ಕೆಂದು ಹಾಕಿ, ಆಮೇಲೆ ನಿಷ್ಕ್ರಿಯಗೊಳಿಸಿ ಮರೆತ ಪ್ಲಗಿನ್‌ಗಳು ಹೆಚ್ಚಿನ ತಾಣಗಳಲ್ಲಿ ಸಿಗುತ್ತವೆ. ನಿಷ್ಕ್ರಿಯವಾಗಿದೆಯಲ್ಲ, ಇನ್ನೇನು ಅಪಾಯ ಎಂದು ಮಾಲೀಕರು ಕೇಳಿದರೆ, 2020ರ ಸೆಪ್ಟೆಂಬರಿನಲ್ಲಿ ಬಯಲಾದ ಫೈಲ್ ಮ್ಯಾನೇಜರ್ ಪ್ಲಗಿನ್‌ನ ಲೋಪವನ್ನು ವಿವರಿಸುತ್ತೇನೆ. ಸುಮಾರು 7 ಲಕ್ಷ ತಾಣಗಳಲ್ಲಿದ್ದ ಆ ಪ್ಲಗಿನ್ ಎಲ್‌ಫೈಂಡರ್ ಎಂಬ ಸಿದ್ಧ ಕೋಡ್ ಲೈಬ್ರರಿಯನ್ನು ಬಳಸುತ್ತಿತ್ತು. ಲೈಬ್ರರಿಯ ಜೊತೆ ಮಾದರಿಯಾಗಿ ಬರುವ ಕನೆಕ್ಟರ್ (ಹೊರಗಿನ ಕರೆಗಳನ್ನು ಲೈಬ್ರರಿಗೆ ತಲುಪಿಸುವ) ಕಡತದ ಹೆಸರಿನ ಕೊನೆಯಲ್ಲಿದ್ದ ‘ಡಿಸ್ಟ್’ ಅನ್ನು ತೆಗೆದುಹಾಕಿದ್ದರಿಂದ ಅದು ಸರ್ವರ್‌ನಲ್ಲಿ ನೇರವಾಗಿ ಚಲಾಯಿಸಬಹುದಾದ ಪಿಎಚ್‌ಪಿ (ವರ್ಡ್‌ಪ್ರೆಸ್ ಬಳಸುವ ಪ್ರೋಗ್ರಾಮಿಂಗ್ ಭಾಷೆ) ಕಡತವಾಗಿಬಿಟ್ಟಿತ್ತು. ಕರೆದವರು ಯಾರೆಂದು ಆ ಕಡತ ಕೇಳುತ್ತಲೇ ಇರಲಿಲ್ಲವಾದ್ದರಿಂದ, ಲಾಗಿನ್ ಆಗದವರೂ ಅದರ ಮೂಲಕ ತಮ್ಮದೇ ಪಿಎಚ್‌ಪಿ ಕೋಡನ್ನು ಅಪ್‌ಲೋಡ್ ಮಾಡಬಹುದಿತ್ತು. ಇಂಥ ಕರೆ ವರ್ಡ್‌ಪ್ರೆಸ್‌ನೊಳಗೆ ಹಾದುಹೋಗುವುದೇ ಇಲ್ಲ. ಪ್ಲಗಿನ್ ಸಕ್ರಿಯವೋ ನಿಷ್ಕ್ರಿಯವೋ ಎಂದು ನೋಡುವವರೂ ಅಲ್ಲಿಲ್ಲ. ಕಡತ ಡಿಸ್ಕಿನಲ್ಲಿದ್ದರೆ ಸಾಕು.

ಉಳಿಸಿಕೊಳ್ಳುವ ಪ್ಲಗಿನ್ ಚಿಕ್ಕದಾಗಿದ್ದರೆ ಅದರ ಕೋಡನ್ನು ತೆರೆದು, ಮೊದಲು ‘ಈಸ್ ಅಡ್ಮಿನ್’ ಎಂಬ ಫಂಕ್ಷನ್ನನ್ನು ಹುಡುಕುತ್ತೇನೆ. ಬಂದವರು ಅಡ್ಮಿನ್ ಹೌದೋ ಅಲ್ಲವೋ ಎಂದು ಅದು ಪರೀಕ್ಷಿಸುತ್ತದೆಂದು ನಂಬಿ ಬರೆದ ಕೋಡ್ ಇಂದಿಗೂ ಸಿಗುತ್ತದೆ. ಅದು ನೋಡುವುದು ವಿನಂತಿ ಅಡ್ಮಿನ್ ವಿಭಾಗದ ವಿಳಾಸಕ್ಕೆ ಬಂದಿದೆಯೇ ಎಂಬುದನ್ನು ಮಾತ್ರ. ಏಜಾಕ್ಸ್ ಕರೆಗಳನ್ನು (ಪುಟವನ್ನು ಮತ್ತೆ ತೆರೆಯದೆ ಹಿನ್ನೆಲೆಯಲ್ಲಿ ಕಳಿಸುವ ವಿನಂತಿಗಳನ್ನು) ನಿಭಾಯಿಸುವ ಕಡತವೂ ಅದೇ ವಿಭಾಗದಲ್ಲಿರುವುದರಿಂದ, ಯಾರೋ ಅಪರಿಚಿತರು ಕರೆದರೂ ಉತ್ತರ ‘ಹೌದು’ ಎಂದೇ ಬರುತ್ತದೆ. ಸೆಟ್ಟಿಂಗ್ ಬದಲಿಸುವ ಕೋಡಿಗೆ ಇದೊಂದೇ ಕಾವಲಾಗಿದ್ದು, ಅಧಿಕಾರ ಪರೀಕ್ಷಿಸುವ ‘ಕರೆಂಟ್ ಯೂಸರ್ ಕ್ಯಾನ್’ ಎಲ್ಲಿಯೂ ಕಾಣದಿದ್ದರೆ ಆ ಪ್ಲಗಿನ್ ನನಗೆ ಬೇಡ. ನಾನ್ಸ್ (ವಿನಂತಿಯೊಂದಿಗೆ ಕಳಿಸುವ ತಾತ್ಕಾಲಿಕ ಗುರುತಿನ ಸಂಕೇತ) ಇದೆಯಲ್ಲ ಎಂಬ ಸಮಾಧಾನವೂ ಸಲ್ಲದು. ಅದು ಬಳಕೆದಾರರ ಹೆಸರಿನಲ್ಲಿ ಬೇರೆ ತಾಣದವರು ವಿನಂತಿ ಕಳಿಸುವುದನ್ನು ತಡೆಯಲು ಇದೆಯೇ ಹೊರತು ಅಧಿಕಾರ ಅಳೆಯಲು ಅಲ್ಲ.

ಅಪ್‌ಡೇಟ್ ವಿಷಯದಲ್ಲಿ ನಾನು ತಡಮಾಡುವುದಿಲ್ಲ. ತಿದ್ದಿದ ಆವೃತ್ತಿ ಹೊರಬಂದ ಕೂಡಲೇ ಹಳೆಯದರೊಂದಿಗೆ ಹೋಲಿಸಿ ತೂತು ಎಲ್ಲಿತ್ತೆಂದು ದಾಳಿಕೋರರೂ ಕಂಡುಕೊಳ್ಳುತ್ತಾರೆ. ಸಾಮಾನ್ಯ ಪ್ಲಗಿನ್‌ಗಳಿಗೆ ವರ್ಡ್‌ಪ್ರೆಸ್‌ನ 5.5ನೇ ಆವೃತ್ತಿಯಿಂದ ಇರುವ ಸ್ವಯಂಚಾಲಿತ ಅಪ್‌ಡೇಟ್ ಸೌಲಭ್ಯವನ್ನೇ ಬಳಸುತ್ತೇನೆ. ಹಣ ಪಾವತಿಯಂಥವನ್ನು ಮಾತ್ರ ಸ್ಟೇಜಿಂಗ್ ಪ್ರತಿಯಲ್ಲಿ, ಅಂದರೆ ತಾಣದ ಪರೀಕ್ಷಾ ನಕಲಿನಲ್ಲಿ ನೋಡಿ ಅದೇ ದಿನ ಏರಿಸುತ್ತೇನೆ. ಆದರೆ ಅಪ್‌ಡೇಟೇ ಅಪಾಯ ತರುವುದೂ ಉಂಟು: 2017ರಲ್ಲಿ ಡಿಸ್‌ಪ್ಲೇ ವಿಜೆಟ್ಸ್ ಪ್ಲಗಿನ್ ಮಾರಾಟವಾದ ಮೇಲೆ ಹೊಸಬರ ಆವೃತ್ತಿಗಳಲ್ಲಿ ಸ್ಪ್ಯಾಮ್ ತುರುಕುವ ಕೋಡ್ ಸೇರಿಕೊಂಡಿತ್ತು. ಆದ್ದರಿಂದ ಪ್ಲಗಿನ್ ಕೈಬದಲಾದ ಸುದ್ದಿ ಬಂದರೆ ಅದಕ್ಕೆ ಸ್ವಯಂಚಾಲಿತ ಅಪ್‌ಡೇಟ್ ನಿಲ್ಲಿಸಿ, ಬದಲಾದ ಸಾಲುಗಳನ್ನು ಓದುತ್ತೇನೆ.

ಸರ್ವರ್ ಮಟ್ಟದಲ್ಲಿ ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಪಿಎಚ್‌ಪಿ ನಡೆಯದಂತೆ ತಡೆಯುತ್ತೇನೆ, ಡ್ಯಾಶ್‌ಬೋರ್ಡಿನ ಫೈಲ್ ಎಡಿಟರನ್ನು ಮುಚ್ಚಿಸುತ್ತೇನೆ. ವಾರಕ್ಕೊಮ್ಮೆ ಡಬ್ಲ್ಯೂಪಿ-ಸಿಎಲ್‌ಐ ಎಂಬ ಕಮಾಂಡ್ ಸಾಧನದ ಮೂಲಕ ಪ್ಲಗಿನ್ ಕಡತಗಳ ಚೆಕ್‌ಸಮ್ (ಕಡತ ಬದಲಾಗಿದೆಯೇ ಎಂದು ತಿಳಿಸುವ ಸಂಖ್ಯೆ) ಪರೀಕ್ಷಿಸುತ್ತೇನೆ. ಅಧಿಕೃತ ಭಂಡಾರದಲ್ಲಿಲ್ಲದ, ದುಡ್ಡು ಕೊಟ್ಟು ಕೊಂಡ ಪ್ಲಗಿನ್‌ಗಳಿಗೆ ಈ ಪರೀಕ್ಷೆ ಒದಗುವುದಿಲ್ಲವಾದ್ದರಿಂದ, ಅವುಗಳ ಮೂಲ ಪ್ರತಿಯನ್ನು ಕೋಡಿನ ಆವೃತ್ತಿಗಳನ್ನು ದಾಖಲಿಸುವ ಗಿಟ್‌ನಲ್ಲಿಟ್ಟು ಸರ್ವರ್‌ನಲ್ಲಿರುವುದರೊಂದಿಗೆ ಹೋಲಿಸಿ ನೋಡುತ್ತೇನೆ.