ಮೊದಲ್ನೇ ಫೈಟರ್ 18 ದಿನಕ್ಕೆ ಹೋಯ್ತು, ಎರಡ್ನೇದು ಇನ್ನೂ ಇದೆ

ಅಂಗಡೀಲಿ ಈ ಮೀನನ್ನ ಯಾರೂ ಬೆಟ್ಟಾ ಅನ್ನಲ್ಲ, ಫೈಟರ್ ಅಂತ ಕೇಳಿದ್ರೇನೇ ತೋರ್ಸೋದು. ನಾನು ಹೋಗಿದ್ದು ಮಗಳ ಪ್ರಾಜೆಕ್ಟಿಗೆ ಚಾರ್ಟ್ ಪೇಪರ್ ತರೋಕೆ, ಪಕ್ಕದಲ್ಲೇ ಅಕ್ವೇರಿಯಂ ಅಂಗಡಿ, ಲೋಟದಷ್ಟು ಡಬ್ಬಿಗಳಲ್ಲಿ ಸಾಲಾಗಿ ಮೀನು ಇಟ್ಟಿದ್ರು, ಅದ್ರಲ್ಲಿ ಒಂದು ಕಡುನೀಲಿದು ಬಾಲ ಬಿಚ್ಕೊಂಡು ನಿಂತಿತ್ತು. ಮಗಳು ಅಲ್ಲಿಂದ ಕದಲ್ಲಿಲ್ಲ. "ಇದಕ್ಕೆ ಏನೂ ಬೇಡ ಸಾರ್, ಏರ್ ಪಂಪೂ ಬೇಡ, ಬೌಲಲ್ಲಿ ಬಿಡಿ, ವಾರಕ್ಕೊಂದ್ಸಲ ಪೂರ್ತಿ ನೀರು ಚೆಲ್ಲಿ ಹೊಸಾ ನೀರು ಹಾಕಿ" ಅಂದ್ರು ಅಂಗಡಿಯವ್ರು. 2 ಲೀಟರ್ ಬೌಲು, ಬಣ್ಣದ ಕಲ್ಲು, ಒಂದು ಪ್ಲಾಸ್ಟಿಕ್ ಗಿಡ, ಒಂದು ಡಬ್ಬಿ ಮೀನಿನ ಕಾಳು. ಚಾರ್ಟ್ ಪೇಪರ್ ಮರ್ತೇಹೋಯ್ತು.

ಅದು ಡಿಸೆಂಬರ್, ಬೆಂಗ್ಳೂರು. ಎರಡ್ನೇ ಭಾನುವಾರ ಅವ್ರು ಹೇಳ್ದಂಗೇ ಬೌಲ್ ತೊಳ್ದು, ಕಲ್ಲು ಉಜ್ಜಿ, ನಲ್ಲಿಯಿಂದ ನೇರ ನೀರು ಹಿಡ್ದು ಹಾಕ್ದೆ. ಆ ವಾರ ಕಾವೇರಿ ಬಂದಿರ್ಲಿಲ್ಲ, ಸಂಪಲ್ಲಿ ಇದ್ದಿದ್ದು ಟ್ಯಾಂಕರ್ ನೀರು, ಅಂದ್ರೆ ಎಲ್ಲಿಯದೋ ಬೋರ್‌ವೆಲ್ಲಿಂದು. ಸಂಜೆ ಹೊತ್ಗೆ ಮೀನು ರೆಕ್ಕೆ ಮುದುರ್ಕೊಂಡು ತಳಕ್ಕೆ ಹೋಗಿ ಕೂತಿತ್ತು, ಆಮೇಲೆ ಬಾಲದ ಅಂಚು ಹರ್ದಂಗಾಯ್ತು, 18ನೇ ದಿನ ಬೆಳಗ್ಗೆ ಎದ್ದು ನೋಡಿದ್ರೆ ಇಲ್ಲ. ಮಲ್ಲಿಗೆ ಪಾಟಲ್ಲಿ ಹೂತ್ವಿ. "ಅಪ್ಪ, ನೀನು ನೀರು ಹಾಕಿದ್ಮೇಲೇ ಹಿಂಗಾಗಿದ್ದು" ಅಂದ್ಲು ಮಗಳು, ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ.

ಆಮೇಲೆ ಒಂದು ತಿಂಗ್ಳು ಓದಿದ್ದೇ ಓದಿದ್ದು. ಅಂಗಡಿಯವ್ರು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಈ ಮೀನಿಗೆ ಕಿವಿರಿನ ಜೊತೆ ಲ್ಯಾಬಿರಿಂತ್ ಅನ್ನೋ ಅಂಗ ಇದೆ, ಮೇಲೆ ಬಂದು ಬಾಯಲ್ಲೇ ಗಾಳಿ ಗುಟುಕರ್ಸತ್ತೆ, ಅದಕ್ಕೇ ಪಂಪ್ ಇಲ್ದೆ ಲೋಟದಲ್ಲೂ ಸ್ವಲ್ಪ ದಿನ ತಡ್ಕೊಳ್ಳತ್ತೆ. ಆದ್ರೆ ಉಸಿರಿಗೆ ಸಾಕಾದ ನೀರು ಬದುಕೋಕೆ ಸಾಕಾಗಲ್ಲ. ಅದರ ಮೈಯಿಂದ ಬರೋದೂ, ತಿನ್ನದೆ ಬಿಟ್ಟ ಕಾಳು ಕೊಳ್ತು ಬರೋದೂ ಎರಡೂ ಅಮೋನಿಯಾನೇ, ಮೀನಿಗೆ ವಿಷ, 2 ಲೀಟರಲ್ಲಿ ಅದು ಎರಡೇ ದಿನಕ್ಕೆ ಏರ್ಬಿಡತ್ತೆ. ಇದರ ಮೂಲ ಥಾಯ್ಲೆಂಡ್ ಕಡೆಯ ಗದ್ದೆ, ಜೌಗು, ನಿಂತ ನೀರು. ಆಳ ಕಮ್ಮಿ ನಿಜ, ಆದ್ರೆ ಗದ್ದೆ ಅಂದ್ರೆ ಬೌಲಾ? ಬಿಸಿಲು ಕಾದ ಬೆಚ್ಚಗಿನ ನೀರು, ಗಿಡ, ಕೆಸರು ಎಲ್ಲಾ ಇರತ್ತೆ. ನಾನು ಅದನ್ನ ಡಿಸೆಂಬರ್ ಚಳೀಲಿ ಕಿಟಕಿ ಪಕ್ಕ ಇಟ್ಟಿದ್ದೆ.

ಎರಡ್ನೇ ಸಲ ಮೀನಿಗಿಂತ ಮೊದ್ಲು ಟ್ಯಾಂಕ್ ತಂದೆ, 20 ಲೀಟರಿಂದು. ನೀರು ತುಂಬ್ಸಿ ಏರ್ ಪಂಪಿನ ಗಾಳೀಲಿ ನಡಿಯೋ ಸ್ಪಾಂಜ್ ಫಿಲ್ಟರ್ ಓಡ್ಸಿ (ಪಂಪೇ ಬೇಡ ಅಂದವ್ರ ಅಂಗಡೀಲೇ ಪಂಪ್ ತಗೊಂಡೆ) ಮೀನಿಲ್ದೆ ಖಾಲಿ ಬಿಟ್ಟೆ, ದಿನಾ ಎರಡು ಕಾಳು ಮಾತ್ರ ಹಾಕ್ತಿದ್ದೆ. ಅದು ಕೊಳ್ತು ಅಮೋನಿಯಾ ಆಗ್ಬೇಕು, ಅದನ್ನ ತಿನ್ನೋ ಬ್ಯಾಕ್ಟೀರಿಯಾ ಸ್ಪಾಂಜಲ್ಲಿ ಬೆಳೀಬೇಕು, ಅವು ಅದನ್ನ ನೈಟ್ರೈಟ್ ಮಾಡ್ತವೆ, ಅದೂ ವಿಷಾನೇ, ಆಮೇಲೆ ಇನ್ನೊಂದು ಜಾತಿ ಬಂದು ನೈಟ್ರೇಟ್ ಮಾಡತ್ತೆ, ಅದು ಅಷ್ಟು ಅಪಾಯ ಅಲ್ಲ, ವಾರದ ನೀರು ಬದಲಾವಣೇಲಿ ಹೋಗತ್ತೆ. ಮೊಸರಿಗೆ ಹೆಪ್ಪು ಹಾಕ್ದಂಗೆ ಅನ್ಕೊಳ್ಳಿ, ಆದ್ರೆ ಒಂದು ರಾತ್ರಿ ಅಲ್ಲ, ನಂಗೆ 5 ವಾರ ಹಿಡೀತು. ಫ್ರೆಂಡ್ ಒಬ್ಬ ಅವ್ನ ಹಳೇ ಫಿಲ್ಟರಿನ ಒಂದು ತುಂಡು ಸ್ಪಾಂಜ್ ಕೊಡ್ದೆ ಇದ್ದಿದ್ರೆ ಇನ್ನೂ ತಡ ಆಗ್ತಿತ್ತೇನೋ. ಟೆಸ್ಟ್ ಕಿಟ್ಟಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರ್ಸೋವರ್ಗೂ ಮೀನು ತರ್ಬೇಡಿ. ಮನೆಗೆ ಬಂದವ್ರೆಲ್ಲ "ಮೀನೆಲ್ಲಿ?" ಅಂತ ಟ್ಯಾಂಕ್ ಒಳಗೆ ಹುಡ್ಕೋರು.

ಹೀಟರ್ ಬಗ್ಗೆ ನಂಗೂ ಅನುಮಾನ ಇತ್ತು, ನಮ್ಮ ದೇಶದಲ್ಲಿ ಯಾಕೆ ಬೇಕು ಅಂತ. ಥರ್ಮಾಮೀಟರ್ ಹಾಕಿ ನೋಡಿದ್ರೆ ಜನವರಿ ಬೆಳಗ್ಗೆ ನೀರು 20 ಡಿಗ್ರಿ! ಇದಕ್ಕೆ ಬೇಕಿರೋದು 25ರಿಂದ 27. ಮಂಗ್ಳೂರಲ್ಲಿ ಇರೋರಿಗೆ ಬೇಡ್ವೇನೋ, ಇಲ್ಲಿ ಬೇಕು. 50 ವ್ಯಾಟ್‌ದು ತಂದು 26ಕ್ಕೆ ಇಟ್ಟೆ. ಒಂದ್ಸಲ ನೀರು ತೆಗಿಯೋವಾಗ ಸ್ವಿಚ್ ಆಫ್ ಮಾಡೋದು ಮರ್ತೆ, ಹೀಟರ್ ನೀರಿಂದ ಹೊರಗೆ ಬಂದು ಕಾದು, ಮೇಲೆ ನೀರು ಬಿದ್ದಿದ್ದೇ ಅದರ ಗಾಜು ಟಪ್ ಅಂತ ಬಿರುಕು ಬಿಡ್ತು. ಪುಣ್ಯಕ್ಕೆ ಅಷ್ಟೊತ್ಗೆ ಪ್ಲಗ್ ಕಿತ್ತೆ. ಈಗ ಮೊದ್ಲು ಪ್ಲಗ್, ಆಮೇಲೆ ಬಕೆಟ್. ಕರೆಂಟ್ ಹೋದ್ರೆ ಟ್ಯಾಂಕಿಗೆ ಟವೆಲ್ ಸುತ್ತಿಡ್ತೀನಿ.

ನೀರಿನ ವಿಷ್ಯ ನಮ್ಮೂರಲ್ಲಿ ಸ್ವಲ್ಪ ಬೇರೆ. ಸಂಪಲ್ಲಿ ಇವತ್ತು ಕಾವೇರಿ, ನಾಳೆ ಟ್ಯಾಂಕರ್, ಮೀನಿಗೆ ಈ ಹಠಾತ್ ಬದಲಾವಣೆ ಆಗಲ್ಲ. ಅದಕ್ಕೆ ಕಾವೇರಿ ಬಂದ ದಿನಾನೇ ಎರಡು ಬಕೆಟ್ ಹಿಡ್ದು ಮುಚ್ಚಿಡ್ತೀನಿ. ಕ್ಲೋರಿನ್ ಇರತ್ತಲ್ಲ, ಆಂಟಿ ಕ್ಲೋರಿನ್ ಹನಿ ಹಾಕಿ, ಭಾನುವಾರ 5 ಲೀಟರ್ ತೆಗ್ದು ಅಷ್ಟೇ ಹಾಕೋದು, ಸ್ವಲ್ಪ ಬಿಸಿನೀರು ಬೆರ್ಸಿ ಉಷ್ಣತೆ ಸರಿಮಾಡಿ. ಪೂರ್ತಿ ಚೆಲ್ಲಿ ತೊಳಿಯೋ ಮಾತೇ ಇಲ್ಲ. ಸ್ಪಾಂಜ್ ಕೂಡ ನಲ್ಲಿ ಕೆಳಗಲ್ಲ, ಟ್ಯಾಂಕಿಂದ ತೆಗ್ದ ಹಳೇ ನೀರಲ್ಲೇ ಹಿಂಡ್ತೀನಿ, ಇಲ್ಲಾಂದ್ರೆ 5 ವಾರದ ಹೆಪ್ಪು ಒಂದೇ ನಿಮಿಷಕ್ಕೆ ಹೋಗತ್ತೆ. ಕುಡಿಯೋ ಆರ್‌ಒ ನೀರು ಶುದ್ಧ ಅಂತ ಬರೀ ಅದನ್ನೇ ಹಾಕ್ಬೇಡಿ, ಅದ್ರಲ್ಲಿ ಖನಿಜಾಂಶ ತುಂಬಾ ಕಮ್ಮಿ. ನಾನು ಹಾಕೋ ಇನ್ನೊಂದು ಸಾಮಾನು ಕಾಡು ಬಾದಾಮಿ ಎಲೆ. ಪಾರ್ಕಲ್ಲಿ ತಾನಾಗೇ ಒಣಗಿ ಬಿದ್ದಿದ್ದನ್ನ ತಂದು ತೊಳ್ದು, ಬಿಸಿನೀರಲ್ಲಿ ನೆನ್ಸಿ ಬಿಡ್ತೀನಿ, ನೀರು ಟೀ ಬಣ್ಣ ಆಗತ್ತೆ. ಅಮ್ಮಂಗೆ ಅದು ಕೊಳಕು ನೀರು, ಮೀನಿಗೆ ಖುಷಿ.

ಮೀನು ಈ ಸಲ ಕೆಂಪುದು, ನಿಧಾನಕ್ಕೆ ಆರ್ಸಿ ತಂದೆ, ಡಬ್ಬಿ ಹತ್ರ ಬೆರಳು ತಂದ್ರೆ ತಿರುಗಿ ನೋಡಿದ್ದನ್ನೇ. ಪಂಪಿನ ಗಾಳಿ ಜೋರಿದ್ರೆ ಉದ್ದ ಬಾಲದ್ದು ಈಜೋಕಾಗ್ದೆ ಸುಸ್ತಾಗತ್ತೆ, ವಾಲ್ವ್ ತಿರುಗ್ಸಿ ಕಮ್ಮಿ ಮಾಡ್ದೆ. ಮುಚ್ಚಳ ಬೇಕೇ ಬೇಕು, ಒಂದ್ಸಲ ಹಾರಿ ಟೇಬಲ್ ಮೇಲೆ ಬಿದ್ದಿತ್ತು, ಸದ್ಯ ನಾನು ಅಲ್ಲೇ ಇದ್ದೆ. ನೀರಿಗೂ ಮುಚ್ಚಳಕ್ಕೂ ಮಧ್ಯೆ ಎರಡು ಇಂಚು ಗಾಳಿ ಬಿಡಿ.

ಊಟ ಬೆಳಗ್ಗೆ 3 ಕಾಳು, ಸಂಜೆ 3, ಶನಿವಾರ ಉಪವಾಸ. "ಮೂರೇನಾ? ಪಾಪ, ಕೇಳ್ತಾ ಇದೆ ನೋಡು" ಅಂತಾರೆ ಅಮ್ಮ, ಅದು ಯಾವಾಗ್ಲೂ ಕೇಳತ್ತೆ, ಬೆರಳು ಕಂಡ್ರೂ ಕೇಳತ್ತೆ. ದೀಪಾವಳಿಗೆ ನಾಲ್ಕು ದಿನ ಊರಿಗೆ ಹೋಗ್ವಾಗ ಪಕ್ಕದ್ಮನೆ ಆಂಟಿಗೆ ಡಬ್ಬಿ ಕೊಟ್ಟು ಹೋಗಿದ್ದು ನನ್ನ ದಡ್ಡತನ, ಅವ್ರು ಪ್ರೀತಿಯಿಂದ ಚಿಟಿಕೆ ಚಿಟಿಕೆ ಹಾಕಿದಾರೆ, ವಾಪಸ್ ಬಂದ್ರೆ ಹೊಟ್ಟೆ ಗೋಲಿ ಥರ ಊದಿ ವಾಲ್ಕೊಂಡು ಈಜ್ತಿತ್ತು. ಅರ್ಧ ನೀರು ಬದಲಾಯ್ಸಿ ಮೂರು ದಿನ ಏನೂ ಹಾಕ್ಲಿಲ್ಲ, ಇಳೀತು. ನಾಲ್ಕು ದಿನ ಅದು ಹಸ್ಕೊಂಡು ಆರಾಮಾಗಿ ಇರತ್ತೆ, ಯಾರಿಗೂ ಡಬ್ಬಿ ಕೊಡ್ಬೇಡಿ.

ಜೊತೆಗೆ ಇನ್ನೊಂದು ತಗೊಂಡ್ ಬಾ ಅಂತಾನೂ ಅಮ್ಮ ಹೇಳಿದ್ರು. ಎರಡು ಗಂಡು ಒಂದೇ ಟ್ಯಾಂಕಲ್ಲಿ ಬಿಟ್ರೆ ಕಚ್ಚಾಡಿ ಒಂದು ಸಾಯ್ಬೋದು, ಫೈಟರ್ ಅನ್ನೋದು ಅದಕ್ಕೇ. ಕನ್ನಡಿ ಹಿಡಿದ್ರೇ ಕಿವಿರು ಬಿಚ್ಚಿ ಏರಿ ಹೋಗತ್ತೆ. ಒಂದಿನ ನೀರ ಮೇಲೆ ನೊರೆ ಕಂಡು ಮಗಳು ಸೋಪ್ ಬಿದ್ದಿದೆ ಅಂತ ಓಡಿ ಬಂದ್ಲು, ನೋಡಿದ್ರೆ ಮೊಟ್ಟೆಗೆ ಅಂತ ಗಂಡು ಕಟ್ಟೋ ಗುಳ್ಳೆಗೂಡು. ಹೆಣ್ಣೇ ಇಲ್ಲ, ಆದ್ರೂ ಕಟ್ಟತ್ತೆ.

ಎರಡು ವರ್ಷ ಆಯ್ತು. ಅಂಗಡಿಗೆ ಬರೋ ಹೊತ್ಗೇ ಕೆಲವು ತಿಂಗಳಾಗಿರತ್ತೆ, ಒಟ್ಟು ಮೂರು ನಾಲ್ಕು ವರ್ಷ ಬದುಕಿದ್ರೆ ಹೆಚ್ಚು. ಈಗ ಕೆಂಪು ಸ್ವಲ್ಪ ಮಾಸಿದೆ, ಹಗಲೆಲ್ಲ ಅನೂಬಿಯಾಸ್ ಅನ್ನೋ ನೀರುಗಿಡದ ಎಲೆ ಮೇಲೆ ಮಲ್ಗಿರತ್ತೆ, ಕಾಳು ಹಾಕಿದ್ರೆ ಗುರಿ ತಪ್ಪತ್ತೆ. ಮಗಳು ಕಾಳನ್ನ ನೀರಲ್ಲಿ ನೆನ್ಸಿ ಚಮಚದ ತುದೀಲಿ ಅದರ ಬಾಯಿ ಹತ್ರ ಹಿಡೀತಾಳೆ, ಒಂದು, ಎರಡು, ಮೂರು ಎಣ್ಸಿ ಡಬ್ಬಿ ಮುಚ್ಚಿ ಅಜ್ಜಿ ಕೈಗೆ ಸಿಗದಂಗೆ ಮೇಲಿನ ಶೆಲ್ಫಲ್ಲಿ ಇಡ್ತಾಳೆ.