ಬಾಯಿಪಾಠ ಬಿಡಿಸಿ, ಬಾಣ ಹಿಡಿಸಿ: ಪಿಯುಸಿ ಮಕ್ಕಳಿಗೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಶುರು ಮಾಡುವುದು ಹೇಗೆ?

ಪ್ರಥಮ ಪಿಯುಸಿ ಕೆಮಿಸ್ಟ್ರಿ ಪುಸ್ತಕದಲ್ಲಿ ಆರ್ಗ್ಯಾನಿಕ್, ಅಂದರೆ ಕಾರ್ಬನ್ ಸಂಯುಕ್ತಗಳ ಪಾಠ, ಬರುವುದು ಕೊನೆಗೆ. ಅಷ್ಟು ಹೊತ್ತಿಗೆ ವರ್ಷ ಮುಗಿಯುತ್ತಾ ಬಂದಿರುತ್ತದೆ. ಪೋರ್ಷನ್ ಮುಗಿಸುವ ಅವಸರದಲ್ಲಿ ಹೆಸರಿಡುವ ನಿಯಮಗಳನ್ನು ಬರೆಸಿ, ಐಸೊಮೆರಿಸಂ ಬರೆಸಿ, ಇಂಡಕ್ಟಿವ್ ಎಫೆಕ್ಟ್ ಬರೆಸಿ ಮುಂದೆ ಹೋಗುತ್ತೇವೆ. ಮಕ್ಕಳಿಗೆ ಉಳಿಯುವ ದಾರಿ ಒಂದೇ, ಬಾಯಿಪಾಠ. ಮುಂದಿನ ವರ್ಷ ಹ್ಯಾಲೋಆಲ್ಕೇನ್‌ನಿಂದ ಅಮೈನ್‌ವರೆಗೆ ರಿಯಾಕ್ಷನ್‌ಗಳ ರಾಶಿ ಎದುರಾದಾಗ ಆ ಬಾಯಿಪಾಠ ಕೈಕೊಡುತ್ತದೆ.

ಶುರುವಿನಲ್ಲಿ ಎರಡು ವಿಷಯ ಗಟ್ಟಿಯಾದರೆ ಸಾಕು. ಅಣುವಿನ ರಚನೆಯನ್ನು ಬಿಡಿಸಲು, ಓದಲು ಬರಬೇಕು. ಎಲೆಕ್ಟ್ರಾನ್ ಎಲ್ಲಿದೆ, ಎಲ್ಲಿಗೆ ಹೋಗುತ್ತದೆ ಅಂತ ಹೇಳಲು ಬರಬೇಕು. ಅದನ್ನು ತೋರಿಸುವ ಗುರುತೇ ಬಾಣ. ಸಮಯವನ್ನೆಲ್ಲ ಇಲ್ಲಿಗೇ ಸುರಿಯಿರಿ. ಉಳಿದದ್ದನ್ನು ಬೇಗ ಮುಗಿಸಬಹುದು.

ಯೂರಿಯಾದಿಂದ ಶುರು ಮಾಡಿ

ಮೊದಲ ದಿನ ವ್ಯಾಖ್ಯೆ ಬರೆಸಬೇಡಿ. ಬೋರ್ಡ್ ಮೇಲೆ ಯೂರಿಯಾ ಬರೆಯಿರಿ. ರೈತರ ಮನೆಯಿಂದ ಬಂದ ಮಕ್ಕಳಿಗೆ ಅದರ ಚೀಲ ನೋಡಿ ಗೊತ್ತಿರುತ್ತದೆ. ಪಕ್ಕದಲ್ಲಿ ಅಮೋನಿಯಂ ಸಯನೇಟ್ ಬರೆದು, ಎರಡರಲ್ಲೂ ಯಾವ ಪರಮಾಣು ಎಷ್ಟಿವೆ ಎಣಿಸಲು ಹೇಳಿ. ಎರಡರಲ್ಲೂ ಒಂದು ಕಾರ್ಬನ್, ನಾಲ್ಕು ಹೈಡ್ರೋಜನ್, ಎರಡು ನೈಟ್ರೋಜನ್, ಒಂದು ಆಕ್ಸಿಜನ್! ಸಾಮಾನು ಒಂದೇ, ಜೋಡಣೆ ಬೇರೆ.

1828ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಫ್ರೆಡ್ರಿಕ್ ವೋಲರ್ ಪ್ರಕಟಿಸಿದ್ದು ಇದನ್ನೇ. ಅಮೋನಿಯಂ ಸಯನೇಟ್ ಮಾಡಲು ಹೋದಾಗ ಅವರಿಗೆ ಸಿಕ್ಕಿದ್ದು ಯೂರಿಯಾ. ಇಂಥ ವಸ್ತುಗಳನ್ನು ಜೀವ ಇರುವ ದೇಹ ಮಾತ್ರ ತಯಾರಿಸಬಲ್ಲದು ಎಂಬ ಆಗಿನ ನಂಬಿಕೆಗೆ ಅಲ್ಲಿಂದ ಬಿರುಕು ಬಿತ್ತು. ಈ ಕಥೆಯನ್ನು ಇತಿಹಾಸ ಅಂತ ಹೇಳಿ ಬಿಟ್ಟುಬಿಡುವವರೇ ಜಾಸ್ತಿ. ಆದರೆ ಜೋಡಣೆ ಬದಲಾದರೆ ವಸ್ತುವೇ ಬದಲಾಗುತ್ತದೆ ಎಂಬ ಮಾತು ಇಡೀ ವಿಷಯಕ್ಕೆ ಬುನಾದಿ. ಅದು ಮೊದಲ ದಿನವೇ ಮಕ್ಕಳ ಕಿವಿಗೆ ಬೀಳಲಿ.

ಕೈಗೆ ಕ್ಲೇ ಕೊಡಿ

ಮಾಡೆಲ್ ಕಿಟ್ ಇಲ್ಲ ಅಂತ ಈ ಹೆಜ್ಜೆ ಬಿಡಬೇಡಿ. ಸ್ಟೇಷನರಿ ಅಂಗಡಿಯ ಬಣ್ಣದ ಕ್ಲೇ, ತೆಂಗಿನ ಪೊರಕೆ ಕಡ್ಡಿಯ ತುಂಡುಗಳು ಸಾಕು. ಉಂಡೆ ಅಂದರೆ ಕಾರ್ಬನ್, ಕಡ್ಡಿ ಅಂದರೆ ಬಾಂಡ್. ಒಂದು ಉಂಡೆಗೆ ನಾಲ್ಕು ಕಡ್ಡಿ ಚುಚ್ಚಲು ಹೇಳಿ. ಷರತ್ತು ಇಷ್ಟೇ: ನಾಲ್ಕೂ ಒಂದರಿಂದೊಂದು ಆದಷ್ಟು ದೂರ ಇರಬೇಕು.

ಬಹಳಷ್ಟು ಮಕ್ಕಳು ಮೊದಲು ಪ್ಲಸ್ ಗುರುತಿನಂತೆ ಚುಚ್ಚುತ್ತಾರೆ. ಬೋರ್ಡ್ ಮೇಲೆ ನಾವು ಬಿಡಿಸುವುದೂ ಹಾಗೇ ಅಲ್ವಾ? ಅಲ್ಲಿ ಕಡ್ಡಿಗಳ ನಡುವೆ 90 ಡಿಗ್ರಿ. ‘ಇನ್ನೂ ದೂರ ಮಾಡಬಹುದಾ?’ ಅಂತ ಕೇಳಿ ಸುಮ್ಮನಿರಿ. ಯಾರೋ ಒಬ್ಬರು ಒಂದು ಕಡ್ಡಿಯನ್ನು ಮೇಲಕ್ಕೆತ್ತುತ್ತಾರೆ. ಮೂರು ಕಡ್ಡಿ ಬೆಂಚಿನ ಮೇಲೆ ಊರಿ, ನಾಲ್ಕನೆಯದು ನೆಟ್ಟಗೆ ಮೇಲೆ ನಿಂತಾಗ ಟೆಟ್ರಾಹೀಡ್ರನ್ ಸಿಕ್ಕಿತು. ಕೋನ 109.5 ಡಿಗ್ರಿ.

ಈಗ ಎರಡು ಕಡ್ಡಿಗೆ ಹೈಡ್ರೋಜನ್, ಎರಡಕ್ಕೆ ಬೇರೆ ಬಣ್ಣದ ಕ್ಲೋರಿನ್ ಹಾಕಿಸಿ. ಕಾಗದದ ಮೇಲೆ ಬಿಡಿಸಿದರೆ ಡೈಕ್ಲೋರೋಮೀಥೇನ್ ಎರಡು ಬಗೆ ಇರುವಂತೆ ಕಾಣುತ್ತದೆ: ಕ್ಲೋರಿನ್‌ಗಳು ಅಕ್ಕಪಕ್ಕ ಇರುವುದು ಒಂದು, ಎದುರುಬದುರು ಇರುವುದು ಇನ್ನೊಂದು. ಕೈಯಲ್ಲಿರುವ ಮಾಡೆಲ್ ತಿರುಗಿಸಿ ನೋಡಿದರೆ ಇರುವುದು ಒಂದೇ. ಪ್ರಯೋಗದಲ್ಲೂ ಸಿಗುವುದು ಒಂದೇ ಬಗೆ. 1874ರಲ್ಲಿ ನೆದರ್‌ಲ್ಯಾಂಡ್ಸ್‌ನ ರಸಾಯನ ವಿಜ್ಞಾನಿ ವ್ಯಾಂಟ್ ಹಾಫ್ ಕಾರ್ಬನ್‌ಗೆ ಟೆಟ್ರಾಹೀಡ್ರನ್ ಆಕಾರ ಸೂಚಿಸಿದಾಗ ಇಂಥದ್ದೇ ಲೆಕ್ಕಾಚಾರ ಮಾಡಿದ್ದರು. ಆಗ ಅವರ ವಯಸ್ಸು 22. ನಮ್ಮ ಮಕ್ಕಳಿಗಿಂತ ಐದಾರು ವರ್ಷ ದೊಡ್ಡವರು ಅಷ್ಟೇ. ಇದನ್ನು ಕ್ಲಾಸಿನಲ್ಲಿ ತಪ್ಪದೆ ಹೇಳಿ.

ಹೆಸರಿಡುವುದಕ್ಕೆ ಒಂದು ಕೆಲಸ ಕೊಡಿ

ರಾಸಾಯನಿಕಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಐಯುಪಿಎಸಿ ನಿಯಮಗಳನ್ನು ಪಟ್ಟಿ ಮಾಡಿ ಬರೆಸಿದರೆ ಯಾಕೆ ಅಂತಲೇ ಮಕ್ಕಳಿಗೆ ಗೊತ್ತಾಗುವುದಿಲ್ಲ. ಮೊದಲು ಒಂದು ತೊಡಕು ತಂದಿಡಿ. ಐದು ಕಾರ್ಬನ್, ಹನ್ನೆರಡು ಹೈಡ್ರೋಜನ್ ಕೊಟ್ಟು ಎಷ್ಟು ಬಗೆಯಲ್ಲಿ ಜೋಡಿಸಬಹುದು ಅಂತ ಕೇಳಿ. ನೋಟ್‌ಬುಕ್‌ನಲ್ಲಿ ಐದಾರು ಚಿತ್ರ ಬರುತ್ತವೆ. ಸರಪಳಿಯನ್ನು ಬಗ್ಗಿಸಿ ಬಿಡಿಸಿದ್ದನ್ನೂ ಹೊಸದು ಅಂತ ಎಣಿಸಿರುತ್ತಾರೆ. ತಪ್ಪು ಅನ್ನಬೇಡಿ. ಪ್ರತಿ ಚಿತ್ರಕ್ಕೂ ಹೆಸರಿಡಲು ಹೇಳಿ. ಉದ್ದದ ಸರಪಳಿ ಹುಡುಕಿ, ಕೊಂಬೆ ಹತ್ತಿರವಿರುವ ತುದಿಯಿಂದ ಎಣಿಸಿ ಅನ್ನುವ ಎರಡು ನಿಯಮ ಅಲ್ಲಿ ಸಾಕು. ಎರಡು ಚಿತ್ರಕ್ಕೆ ಒಂದೇ ಹೆಸರು ಬಂದರೆ ಎರಡೂ ಒಂದೇ ವಸ್ತು. ಕೊನೆಗೆ ಉಳಿಯುವುದು ಮೂರೇ: ಪೆಂಟೇನ್, 2-ಮೀಥೈಲ್‌ಬ್ಯೂಟೇನ್, 2,2-ಡೈಮೀಥೈಲ್‌ಪ್ರೊಪೇನ್.

ಈಗ ಕುದಿಯುವ ಬಿಂದು ಬರೆಯಿರಿ. ಮೊದಲನೆಯದು ಸುಮಾರು 36 ಡಿಗ್ರಿ ಸೆಲ್ಸಿಯಸ್, ಎರಡನೆಯದು 28, ಮೂರನೆಯದು 9.5. ಬೆಂಗಳೂರಿನ 25 ಡಿಗ್ರಿಯ ಕೋಣೆಯಲ್ಲಿ ಮೂರನೆಯದು ಗ್ಯಾಸ್, ಉಳಿದೆರಡು ದ್ರವ. ಕಲಬುರಗಿಯ 40 ದಾಟಿದ ಮೇ ಮಧ್ಯಾಹ್ನದಲ್ಲಿ ಮೂರೂ ಗ್ಯಾಸೇ. ಯಾಕೆ ಹೀಗೆ ಅಂತ ಮಕ್ಕಳೇ ಹೇಳಲಿ. ಉದ್ದನೆಯ ಅಣುಗಳು ಒಂದಕ್ಕೊಂದು ಹೆಚ್ಚು ತಾಗಿಕೊಂಡಿರುತ್ತವೆ, ಹಾಗಾಗಿ ಅವುಗಳ ನಡುವಿನ ಸೆಳೆತ ಜಾಸ್ತಿ. ಉಂಡೆಯಂಥವು ಅಷ್ಟು ತಾಗುವುದಿಲ್ಲ. ಕೈಯಲ್ಲಿ ಕ್ಲೇ ಇದ್ದರೆ ಈ ಉತ್ತರ ಬೇಗ ಬರುತ್ತದೆ. ಆರು ಕಾರ್ಬನ್‌ಗೆ ಐದು ಬಗೆ, ಅದನ್ನು ಮನೆಗೆಲಸಕ್ಕೆ ಕೊಡಿ. ಹತ್ತು ಕಾರ್ಬನ್‌ಗೆ 75. ಅದನ್ನು ಹೇಳಿದರೆ ಸಾಕು, ಬಿಡಿಸಲು ಕೊಡಬೇಡಿ.

ಕಾರ್ಬನ್, ಅದರ ಹೈಡ್ರೋಜನ್ ಬರೆಯದೆ ಬರೀ ಗೆರೆಯಲ್ಲಿ ಬಿಡಿಸುವ ಬಾಂಡ್-ಲೈನ್ ಚಿತ್ರಕ್ಕೆ ಬೇರೆ ಕ್ಲಾಸ್ ಬೇಡ. ದಿನಾ ಮೊದಲ ಐದು ನಿಮಿಷ ಒಂದು ಚಿತ್ರ ಹಾಕಿ, ಕಾಣದ ಹೈಡ್ರೋಜನ್‌ಗಳನ್ನು ಎಣಿಸಿ ಅಣುಸೂತ್ರ ಬರೆಯಲು ಹೇಳಿ. ಒಂದು ದಿನ ಲವಂಗದ ಯೂಜಿನಾಲ್, ಒಂದು ದಿನ ನಿಂಬೆ ಸಿಪ್ಪೆಯ ಲಿಮೋನೀನ್, ಇನ್ನೊಂದು ದಿನ ಚಿಕ್ಕಮಗಳೂರು ಕಾಫಿಯ ಕೆಫೀನ್. ಅಣುವಿನ ಗುಣ ನಿರ್ಧರಿಸುವ ಫಂಕ್ಷನಲ್ ಗ್ರೂಪ್‌ಗಳೂ ಇದರಲ್ಲೇ ಪರಿಚಯವಾಗುತ್ತವೆ.

ಬಾಣದ ಪಾಠ

ಇಲ್ಲಿ ನಿಧಾನ ಮಾಡಿ. ಒಂದು ವಾರ ಹಿಡಿದರೂ ಸರಿ.

ನಿಯಮ ಚಿಕ್ಕದು. ಬಾಣದ ಬಾಲ ಎಲೆಕ್ಟ್ರಾನ್ ಜೋಡಿ ಇರುವ ಕಡೆ, ಅಂದರೆ ಬಾಂಡ್ ಅಥವಾ ಲೋನ್ ಪೇರ್ (ಬಾಂಡ್‌ನಲ್ಲಿ ಸೇರದ ಜೋಡಿ) ಮೇಲೆ. ತಲೆ ಅದು ಹೋಗುವ ಕಡೆ. ಮಕ್ಕಳು ಎಡವುವುದು ಹೆಚ್ಚಾಗಿ ಎರಡು ಕಡೆ. ಧನ ಆವೇಶದ ಹೈಡ್ರೋಜನ್‌ನಿಂದ ಬಾಣ ಶುರು ಮಾಡುತ್ತಾರೆ. ಅದರ ಹತ್ತಿರ ಕೊಡಲು ಎಲೆಕ್ಟ್ರಾನೇ ಇಲ್ಲ. ಇಲ್ಲವೇ ಕಾರ್ಬನ್‌ಗೆ ಐದು ಬಾಂಡ್ ಹಾಕಿಬಿಡುತ್ತಾರೆ. ಪ್ರತಿ ಬಾಣದ ನಂತರ ‘ನಾಲ್ಕೇ ಇದೆಯಾ? ಚಾರ್ಜ್ ಸರಿಹೋಯ್ತಾ?’ ಅಂತ ಕೇಳುವ ಅಭ್ಯಾಸ ಬೆಳೆಸಿ.

ಪ್ರೊಪೀನ್‌ಗೆ ಹೈಡ್ರೋಜನ್ ಬ್ರೋಮೈಡ್ ಸೇರುವುದನ್ನು ಉದಾಹರಣೆಗೆ ತೆಗೆದುಕೊಳ್ಳಿ. ಮೊದಲ ಬಾಣ ಡಬಲ್ ಬಾಂಡ್‌ನಿಂದ ಹೈಡ್ರೋಜನ್ ಕಡೆಗೆ. ಎರಡನೆಯದು ಹೈಡ್ರೋಜನ್-ಬ್ರೋಮಿನ್ ಬಾಂಡ್‌ನಿಂದ ಬ್ರೋಮಿನ್ ಮೇಲೆ. ಇಲ್ಲಿ ನಿಲ್ಲಿಸಿ. ಹೈಡ್ರೋಜನ್ ಯಾವ ಕಾರ್ಬನ್‌ಗೆ ಹೋಗಬೇಕು? ಅರ್ಧ ಕ್ಲಾಸ್ ತುದಿಯ ಕಾರ್ಬನ್‌ಗೆ ಹಾಕಿ ಬಿಡಿಸಲಿ, ಉಳಿದರ್ಧ ನಡುವಿನ ಕಾರ್ಬನ್‌ಗೆ. ತುದಿಗೆ ಹೋದರೆ ಪ್ಲಸ್ ಚಾರ್ಜ್ ನಡುವೆ ಉಳಿಯುತ್ತದೆ. ಎರಡೂ ಕಡೆಯ ಮೀಥೈಲ್ ಗುಂಪುಗಳು ಅದಕ್ಕೆ ಆಸರೆ. ನಡುವೆ ಹೋದರೆ ಪ್ಲಸ್ ತುದಿಯಲ್ಲಿ, ಆಸರೆ ಒಂದೇ ಕಡೆಯಿಂದ. ಆಸರೆ ಹೆಚ್ಚಿರುವ ದಾರಿಯೇ ಸಲೀಸು. ಕೊನೆಯ ಬಾಣ ಬ್ರೋಮೈಡ್‌ನ ಲೋನ್ ಪೇರ್‌ನಿಂದ ಆ ಪ್ಲಸ್ ಇರುವ ಕಾರ್ಬನ್‌ಗೆ. ಸಿಕ್ಕಿದ್ದು 2-ಬ್ರೋಮೋಪ್ರೊಪೇನ್.

ಈ ನಿಯಮಕ್ಕಿರುವ ಮಾರ್ಕೊವ್ನಿಕೊವ್ ಹೆಸರನ್ನು ಇದಾದ ಮೇಲೆ ಹೇಳಿ. ಹೈಡ್ರೋಜನ್ ಹೆಚ್ಚಿರುವ ಕಡೆಗೇ ಹೈಡ್ರೋಜನ್ ಅಂತ ಮೊದಲೇ ಸೂತ್ರ ಕೊಟ್ಟರೆ, ಪೆರಾಕ್ಸೈಡ್ ಹಾಕಿದಾಗ ಇದೇ ರಿಯಾಕ್ಷನ್ ಉಲ್ಟಾ ಆಗಿ 1-ಬ್ರೋಮೋಪ್ರೊಪೇನ್ ಬರುವುದನ್ನು ಮತ್ತೊಂದು ಬಾಯಿಪಾಠ ಮಾಡಬೇಕಾಗುತ್ತದೆ. ಬಾಣ ಗೊತ್ತಿದ್ದವರಿಗೆ, ಅಲ್ಲಿ ಓಡಾಡುವುದು ಜೋಡಿಯಲ್ಲ, ಒಂಟಿ ಎಲೆಕ್ಟ್ರಾನ್ ಅಂದರೆ ಅರ್ಥವಾಗುತ್ತದೆ.

ಲ್ಯಾಬ್‌ನಲ್ಲಿ ಇದರ ಜೊತೆಗೇ ಸೂರ್ಯಕಾಂತಿ ಎಣ್ಣೆ, ತೆಂಗಿನೆಣ್ಣೆ ಇಟ್ಟು, ತೆಳುವಾದ ಪೊಟ್ಯಾಶಿಯಂ ಪರ್ಮಾಂಗನೇಟ್ ಕೆಲವೇ ಹನಿ ಹಾಕಿ ಚೆನ್ನಾಗಿ ಅಲ್ಲಾಡಿಸಿ. ಡಬಲ್ ಬಾಂಡ್ ಇರುವಲ್ಲಿ ಗುಲಾಬಿ ಬಣ್ಣ ಹೋಗಿ ಕಂದು ಆಗುತ್ತದೆ. ತೆಂಗಿನೆಣ್ಣೆಯಲ್ಲಿ ಡಬಲ್ ಬಾಂಡ್ ತೀರ ಕಡಿಮೆ. ಯಾವುದರ ಬಣ್ಣ ಮೊದಲು ಹೋಗುತ್ತದೆ ಅಂತ ಮುಂಚೆಯೇ ಬರೆದಿಡಲು ಹೇಳಿ, ಆಮೇಲೆ ಮಾಡಿಸಿ. ಕಣ್ಣಿಗೆ ಕನ್ನಡಕ ಕಡ್ಡಾಯ.

ಕನ್ನಡ ಮಾಧ್ಯಮದಿಂದ ಬಂದವರು ಬೋರ್ಡ್ ಹತ್ತಿರ ಬಂದು ಬಾಣವನ್ನು ಕನ್ನಡದಲ್ಲೇ ವಿವರಿಸಲಿ. ಟರ್ಮ್‌ಗಳು ಇಂಗ್ಲಿಷ್‌ನಲ್ಲಿರಲಿ, ಯೋಚನೆ ಅವರ ಭಾಷೆಯಲ್ಲಿರಲಿ. ಎಸ್ಸೆಸ್ಸೆಲ್ಸಿಯಲ್ಲಿ ಚುರುಕಾಗಿದ್ದ ಮಕ್ಕಳು ಇಲ್ಲಿ ಸುಮ್ನೆ ಕೂರುವುದನ್ನು ನೋಡಲು ಸಂಕಟವಾಗುತ್ತದೆ. ಅವರ ಬಾಯಿ ಬಿಡಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಟೆಸ್ಟ್‌ನಲ್ಲಿ ‘ನಿಯಮ ಬರೆಯಿರಿ’ ಅಂತ ಕೇಳಬೇಡಿ. ತಪ್ಪು ಬಾಣ ಹಾಕಿದ ಚಿತ್ರ ಕೊಟ್ಟು ತಿದ್ದಲು ಹೇಳಿ. ಪ್ರೊಪೀನ್ ಬದಲು 2-ಮೀಥೈಲ್‌ಪ್ರೊಪೀನ್ ಕೊಟ್ಟು ಏನು ಸಿಗುತ್ತದೆ ಅಂತ ಕೇಳಿ. ಉತ್ತರದ ಹೆಸರು ತಪ್ಪಾದರೂ ಬಾಣಗಳು ಸರಿಯಿದ್ದರೆ ಹೆಚ್ಚಿನ ಅಂಕ ಅದಕ್ಕೇ ಕೊಡಿ, ಟೆಸ್ಟ್‌ಗೆ ಮೊದಲೇ ಅದನ್ನು ಮಕ್ಕಳಿಗೆ ತಿಳಿಸಿ.